ಕಿಟಕಿ ಮುಚ್ಚಿದ ದಾಸವಾಳ

ನಾಗಮಂಗಲ
೧೮-೧೧-೨೦೨೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ರಮ್ಯ ಮಾಡುವ ನಮಸ್ಕಾರ. ನೀನು ಎಷ್ಟು ಸಲ ಫೋನು ಮಾಡಿದರೂ ನಾನು ಎತ್ತಲಿಲ್ಲ, ಬೈಯಬೇಡ. ನನ್ನ ದನಿ ಕೇಳಿದರೆ ನೀನು ಸುಮ್ಮನೆ ಬಿಡುವವಳಲ್ಲ, ನಡುಮನೆಯಲ್ಲಿ ಅತ್ತೆ ಯಾವಾಗಲೂ ಕೂತಿರುತ್ತಾರೆ. ಅದಕ್ಕೇ ಈ ಕಾಲದಲ್ಲೂ ಕಾಗದ ಬರೆಯುವ ಹುಚ್ಚು.

ಬಸುರಿ ಓಡಾಡಬಾರದು, ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದ ದಿನದಿಂದ ಈ ಕೋಣೆಯೇ ನನ್ನ ಊರು. ಈ ಊರಿಗಿದ್ದದ್ದು ಒಂದೇ ಕಿಟಕಿ, ಅದನ್ನೂ ದಾಸವಾಳ ನುಂಗಿತ್ತು. ನಾನು ಮದುವೆಯಾಗಿ ಬಂದಾಗ ಸೊಂಟದೆತ್ತರ ಇದ್ದ ಗಿಡ, ಹೇಳುವವರು ಕೇಳುವವರು ಇಲ್ಲದೆ ಬೆಳೆದು ಸಜ್ಜಾ ಮುಟ್ಟಿತ್ತು. ಪಕ್ಕದ ಕಾಕಡ ಮಲ್ಲಿಗೆಯ ಬಳ್ಳಿ ಅದಕ್ಕೆ ಸುತ್ತಿಕೊಂಡು ಕಿಟಕಿಯ ಸರಳಿನೊಳಗೂ ನುಗ್ಗಿತ್ತು. ಹಗಲಲ್ಲೇ ಲೈಟು ಹಾಕಬೇಕು. ಸೊಳ್ಳೆ, ಇರುವೆ, ಮುಗ್ಗಲು ವಾಸನೆ. ಉಸಿರು ಕಟ್ಟುತ್ತಿತ್ತು ಅಕ್ಕ, ಸುಳ್ಳಲ್ಲ.

ಒಂದೆರಡು ಕೊಂಬೆಯನ್ನಾದರೂ ತೆಗೆಯಿರಿ ಎಂದು ಇವರನ್ನು ಕೇಳಿದೆ. ಇವರು ಅಮ್ಮನ ಮುಖ ನೋಡಿದರು. "ಬಸ್ರಿ ಇರೋ ಮನೇಲಿ ಹಸಿ ಗಿಡ ಕಡೀಬಾರ್ದು ಕಣವ್ವ. ಅದ್ರಲ್ಲೂ ಗಂಡ ಆದೋನು ಕತ್ತಿ ಮುಟ್ಟಂಗೇ ಇಲ್ಲ. ಎರಿಗೆ ಆಗ್ಲಿ, ಆಮೇಲೆ ನೋಡುವ" ಎಂದರು ಅತ್ತೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನ್ನ ಗಂಡನೂ ತಲೆಯಾಡಿಸಿದರು. ತೆಂಗಿನಕಾಯಿ ಕೀಳಲು ಬಂದಿದ್ದ ದ್ಯಾವಯ್ಯನನ್ನು ಒಳಗಿನಿಂದಲೇ ಕೂಗಿ ಗೋಗರೆದೆ. "ನಂಗ್ಯಾಕವ್ವ ಆ ಪಾಪ? ಇನ್ನೈದು ತಿಂಗ್ಳು ತಡ್ಕೊ" ಎಂದು ಅವನೂ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ.

ನಿನ್ನೆ ಭಾನುವಾರ ಇವರೇ ಕತ್ತರಿ ಹಿಡಿದು ನಿಂತರು. ಪಾಠ ಮಾಡಿ ಗೊತ್ತೇ ಹೊರತು ಗಿಡ ಸವರಿ ಗೊತ್ತಿಲ್ಲ. ಮೇಲಿನ ತುದಿಯನ್ನಷ್ಟೇ ಕ್ಷೌರ ಮಾಡತೊಡಗಿದರು. ನಾನು ಮಲಗಿದಲ್ಲಿಂದಲೇ ಹೇಳಿಕೊಟ್ಟೆ. ಒಣಗಿದ್ದನ್ನು ಮೊದಲು ತೆಗೆಯಿರಿ, ಮುದಿ ಕೊಂಬೆಯನ್ನು ಬುಡದಿಂದ ತೆಗೆಯಿರಿ, ಎಳೆಯದನ್ನು ಗೆಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ, ಒಂದೇ ಸಲಕ್ಕೆ ಬೋಳಿಸಬೇಡಿ. ಅಪ್ಪ ಕತ್ತರಿಸುವಾಗ ನಾವಿಬ್ಬರೂ ಕೊಂಬೆ ಎಳೆದು ಹಾಕುತ್ತಿದ್ದೆವಲ್ಲ, ಆಗ ಕಲಿತದ್ದು. "ಇನ್ನೇನು ಮಾಡ್ಲಿ ಮೇಡಂ?" ಎಂದರು ಇವರು, ತಲೆ ಮಾತ್ರ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಕಂಡಿತು, ಬಿಸಿಲು ಮಂಚದವರೆಗೂ ಬಂತು. ಅತ್ತೆ ಬುಡಕ್ಕೆ ಗೊಬ್ಬರ ಹಾಕಿ ನೀರು ಬಿಟ್ಟರು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಗ ಚೈತನ್ಯ ನೂರು ಕಾಲ ಚೆನ್ನಾಗಿರಲಿ. ಅವನ ಕೆನ್ನೆಗೆ ಚಿಕ್ಕಮ್ಮನದೊಂದು ಮುತ್ತು ಕೊಡು.

ನಿನ್ನ
ರಮ್ಯ

ಮತ್ತೆ: ಅತ್ತೆ ಹೇಗೆ ಒಪ್ಪಿದರು ಎಂದು ನೀನು ಕೇಳೇ ಕೇಳುತ್ತೀಯ. ಗುರುವಾರ ಸ್ಕ್ಯಾನಿಂಗಿನಲ್ಲಿ ಮಗುವಿನ ಎದೆಬಡಿತ ಇರಲಿಲ್ಲ ಅಕ್ಕ. ಆಸ್ಪತ್ರೆಯಲ್ಲೇ ಎಲ್ಲ ಮುಗಿಸಿ ಶನಿವಾರ ಮನೆಗೆ ಕಳಿಸಿದರು. ನಿನ್ನೆ ಬೆಳಿಗ್ಗೆ ಅತ್ತೆ ಕತ್ತರಿ ತಂದು ಇವರ ಕೈಗಿಟ್ಟು, "ಇನ್ನು ಕಡೀಬೋದು ಕಣಪ್ಪ, ಅವ್ಳಿಗೆ ಒಸಿ ಬೆಳಕಾದ್ರೂ ಬರ್ಲಿ" ಎಂದರು. ಈಗ ರಸ್ತೆಯಲ್ಲಿ ಹೋಗುವವರಿಗೆಲ್ಲ ನಾನು ಕಾಣುತ್ತೇನೆ. ಕಿಟಕಿ ಮುಚ್ಚಿ ಎಂದು ಯಾವ ಬಾಯಲ್ಲಿ ಕೇಳಲಿ? ಇವತ್ತು ಎದುರುಮನೆ ಮಾದಮ್ಮ ಕಿಟಕಿಯ ಹತ್ತಿರ ಬಂದು, "ಎಷ್ಟು ತಿಂಗ್ಳಾಯ್ತವ್ವ?" ಎಂದು ನಗುತ್ತಾ ಕೇಳಿದರು. ಐದಕ್ಕೆ ಬಿತ್ತು ಅಂದೆ.