ಆಶ್ರಯಕ್ಕೂ ರಜೆಯಂತೆ

ನಿಲಯಗಳ ಮೇಲ್ವಿಚಾರಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಬರುವ ಶನಿವಾರದಿಂದ ನಿಮ್ಮ ಮಹಿಳಾ ಆಶ್ರಯ ನಿಲಯಕ್ಕೆ ವರ್ಷಾಂತ್ಯದ ರಜೆ ಎಂದು ಬಾಗಿಲ ಮೇಲೆ ಪ್ರಕಟಣೆ ಅಂಟಿಸಿದ್ದೀರಿ. ‘ನಿವಾಸಿಗಳು ತಂತಮ್ಮ ಮನೆಗಳಿಗೆ ತೆರಳಿ, ಕುಟುಂಬದೊಂದಿಗೆ ರಜೆಯನ್ನು ಸಂತೋಷವಾಗಿ ಕಳೆಯತಕ್ಕದ್ದು’ ಎಂಬ ಸಾಲನ್ನು ನಿಂತಲ್ಲೇ ಮತ್ತೆ ಮತ್ತೆ ಓದಿದೆ. ಗಂಡನ ಏಟು ತಾಳಲಾರದೆ ಉಟ್ಟ ಬಟ್ಟೆಯಲ್ಲಿ ಓಡಿಬಂದವರನ್ನು ಅದೇ ಗಂಡನ ಹತ್ತಿರ ಸಂತೋಷಪಡಲು ಕಳಿಸುವ ನಿಮ್ಮ ಸೌಜನ್ಯಕ್ಕೆ ಏನೆನ್ನಲಿ? ಆ ನಿಲಯದಲ್ಲಿ ನನ್ನ ತಂಗಿ ಇದ್ದಾಳೆ. ಅವಳನ್ನು ಈ ಸಲ ಕಳಿಸಬೇಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಇದರ ಮೂಲ ಹುಡುಕುತ್ತಾ ಹೋದಾಗ ನನಗೆ ಜ್ಞಾನೋದಯವಾಯಿತು. ವಿದ್ಯಾರ್ಥಿಗಳ ಹಾಸ್ಟೆಲುಗಳೂ ಈ ಆಶ್ರಯ ನಿಲಯವೂ ತಮ್ಮ ಕಚೇರಿಯ ಅಧೀನದಲ್ಲೇ ಇವೆ. ಮಂಚ ಇದೆ, ಊಟ ಇದೆ, ವಾರ್ಡನ್ ಇದ್ದಾರೆ, ಹಾಗಾಗಿ ಎರಡಕ್ಕೂ ಒಂದೇ ನಿಯಮ. ಪರೀಕ್ಷೆ ಮುಗಿಸಿದ ಮಕ್ಕಳು ರಜೆಗೆ ಮನೆಗೆ ಹೋಗುವುದಿಲ್ಲವೇ, ಹಾಗೆಯೇ ಏಟು ತಿಂದ ಹೆಂಗಸರೂ ಹೋಗಬೇಕು. ವಾರ್ಡನ್ ಮೇಡಂ ನನ್ನ ಮೇಲೆ ಸಿಟ್ಟಾಗಲಿಲ್ಲ, ಪಾಪ. “ನಾನೇನ್ ಮಾಡ್ಲಿ ಹೇಳಿ? ಮಕ್ಕಳನ್ನ ಅಪ್ಪ ಅಮ್ಮ ಬಂದು ಕರ್ಕೊಂಡು ಹೋಗ್ತಾರೆ. ಇವರನ್ನ ಇವರ ಯಜಮಾನ್ರು ಬಂದು ಕರ್ಕೊಂಡು ಹೋಗ್ತಾರೆ. ಪೋಷಕರ ಸಹಿ ಇಲ್ದೆ ನಾನು ಯಾರನ್ನೂ ಹೊರಗೆ ಬಿಡೋ ಹಾಗಿಲ್ಲ,” ಎಂದರು. ಕಳೆದ ವರ್ಷ ನಿಲಯದ ವಿಳಾಸ, ಕರೆದೊಯ್ಯಬೇಕಾದ ದಿನ, ಎಲ್ಲವನ್ನೂ ವಿವರವಾಗಿ ಬರೆದು ನನ್ನ ತಂಗಿಯ ಗಂಡನಿಗೆ ತಿಳಿಸಿದ್ದು ತಮ್ಮ ಕಚೇರಿಯೇ. ಯಾರ ಕಣ್ಣಿಗೂ ಬೀಳಬಾರದೆಂದು ಅವಳು ಅಡಗಿ ಕೂತಿದ್ದಳೋ, ಅವನಿಗೇ ದಾರಿ ತೋರಿಸಿಕೊಟ್ಟಿರಿ. ಇಷ್ಟು ಚುರುಕಾಗಿ ತಮ್ಮ ಕಚೇರಿಯಿಂದ ಇನ್ನಾವ ಪತ್ರವೂ ಹೊರಬಿದ್ದದ್ದನ್ನು ನಾನು ಕಂಡಿಲ್ಲ.

ಈ ಗಂಡ ಎಂಥವರು ಗೊತ್ತೇ? ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ಗಾಡಿಯನ್ನು ಗೋಡೆಗೆ ಗುದ್ದಿದವರಿಗೂ “ಪರವಾಗಿಲ್ಲ, ಗಾಬರಿ ಆಗ್ಬೇಡಿ, ಕ್ಲಚ್ ನಿಧಾನಕ್ಕೆ ಬಿಡಿ,” ಎನ್ನುವಷ್ಟು ಸಹನೆ. ಆ ಸಹನೆಯೆಲ್ಲ ಅಲ್ಲೇ ಖರ್ಚಾಗಿ, ಮನೆಗೆ ಬರುವಾಗ ಮುಷ್ಟಿ ಮಾತ್ರ ಉಳಿದಿರುತ್ತದೆ. ದುಡಿಯುವ ದಿನಗಳಲ್ಲಿ ತಂಗಿಗೆ ಸಂಜೆಯಾದ ಮೇಲಷ್ಟೇ ಭಯ. ರಜೆ ಬಂತೆಂದರೆ ಆತ ಬೆಳಗಿನಿಂದ ಮನೆಯಲ್ಲೇ. ಕೈಯಲ್ಲಿ ಬಾಟಲಿ, ಮಾಡಲು ಬೇರೆ ಕೆಲಸವಿಲ್ಲ. ಎದುರು ಮನೆಯವರು ಊರಿಗೆ ಹೋಗಿರುತ್ತಾರೆ, ಮೇಲಿನ ಮನೆಯವರು ಪ್ರವಾಸ. ಕೂಗಿಕೊಂಡರೆ ಕೇಳಿಸಿಕೊಳ್ಳಲು ಓಣಿಯಲ್ಲಿ ಒಂದು ಕಿವಿಯೂ ಇರುವುದಿಲ್ಲ. ಊರಿಗೆಲ್ಲ ಬಿಡುವು ಸಿಗುವ ಆ ದಿನಗಳೇ ಅವಳ ಪಾಲಿಗೆ ಅತಿ ಕೆಟ್ಟವು.

ಅಕ್ಕನಾದ ನೀನೇ ಇಟ್ಟುಕೊಳ್ಳಬಾರದೇ ಎಂದು ತಾವು ಕೇಳಬಹುದು. ನಾನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ವಾಸ. ಮೊದಲ ಸಲ ಅವಳು ಓಡಿಬಂದದ್ದು ನನ್ನಲ್ಲಿಗೇ. ಅವಳ ಗಂಡ ಮಾರನೆಯ ದಿನವೇ ಬಂದು, ಗಿರಾಕಿಗಳ ಎದುರಿಗೇ ಮೆಟ್ಟಿಲ ಬಳಿ ನಿಂತು ರಂಪ ಮಾಡಿದರು. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, “ನೋಡಮ್ಮ, ಅವಳಾದ್ರೂ ಹೋಗ್ಲಿ, ಇಲ್ಲ ನೀನಾದ್ರೂ ಹೋಗು,” ಎಂದರು. ಆಗ ನಾನು ಅವಳ ಕೈಹಿಡಿದು ಕರೆತಂದದ್ದು ತಮ್ಮ ನಿಲಯಕ್ಕೆ. ಸರ್ಕಾರದ ಗೋಡೆ ಗಟ್ಟಿ ಎಂದು ನಂಬಿದ್ದೆ.

ಕಳೆದ ವರ್ಷ ಗೇಟಿನಲ್ಲಿ ಬೀಳ್ಕೊಡುವಾಗ ಎಲ್ಲರ ಕೈಗೂ ಬಣ್ಣದ ಕರಪತ್ರವೊಂದನ್ನು ಕೊಟ್ಟಿರಿ: ‘ರಜಾದಿನಗಳಲ್ಲಿ ಮನೆಯಲ್ಲಿ ಸುರಕ್ಷಿತವಾಗಿರಿ’. ಮೇಲೆ ಹೂಗಳ ಚಿತ್ರ. ಒಳಗೆ ಒಂದಕ್ಕಿಂತ ಒಂದು ಅಮೂಲ್ಯ ಸಲಹೆ. ಮನೆಯವರಿಗೆ ಕೋಪ ಬರುವ ವಿಷಯ ಎತ್ತಬೇಡಿ. (ಅವಳು ಉಸಿರಾಡುವುದೇ ಆತನಿಗೆ ಕೋಪದ ವಿಷಯ, ಸ್ವಾಮಿ.) ಫೋನು ಹತ್ತಿರವೇ ಇರಲಿ. (ಅದನ್ನು ಆತ ಮೊದಲ ದಿನವೇ ಕಿತ್ತುಕೊಂಡರು.) ಅಪಾಯವೆನಿಸಿದರೆ ತಡಮಾಡದೆ ಸಮೀಪದ ಆಶ್ರಯ ನಿಲಯಕ್ಕೆ ಧಾವಿಸಿ. ಇದನ್ನು ಓದಿ ಹೇಳಿ ಕೈಗಿತ್ತ ಕೈಯೇ ಮರುಕ್ಷಣದಲ್ಲಿ ನಿಲಯಕ್ಕೆ ಬೀಗ ಜಡಿಯಿತಲ್ಲ, ಆಗ ಯಾರಿಗೂ ಏನೂ ಅನ್ನಿಸಲಿಲ್ಲವೇ?

ನನ್ನ ತಂಗಿ ಹೇಳಿದ ಮಾತು ಕೇಳುವವಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಆತ ಅವಳ ಬಲಗೈಯನ್ನು ತಿರುಚಿ ಮುರಿದ ಮಧ್ಯಾಹ್ನ, ಕರಪತ್ರ ಹೇಳಿದಂತೆ ನಿಮ್ಮ ಗೇಟಿಗೇ ಧಾವಿಸಿದಳು. ಅಲ್ಲಿದ್ದವನು ಕಾವಲುಗಾರ ಒಬ್ಬನೇ. “ರಜೆ ಕಣಮ್ಮ. ಒಳಗೆ ಬಿಟ್ರೆ ನನ್ನ ಕೆಲಸ ಹೋಗುತ್ತೆ. ಮಂಚ, ಫ್ಯಾನು, ನೀರಿನ ಫಿಲ್ಟರು ಎಲ್ಲಾ ನನ್ನ ಜವಾಬ್ದಾರಿ,” ಎಂದ. ಆದರೂ ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತನ್ನ ಫೋನಿನಿಂದ ನನಗೆ ತಿಳಿಸಿದ. ಆಸ್ಪತ್ರೆಯಿಂದ ಬಂದ ಮೇಲೆ ರಜೆ ಮುಗಿಯುವವರೆಗೂ, ಅಂಗಡಿಯ ಹಿಂದಿನ ಗೋದಾಮಿನಲ್ಲಿ ಚಪ್ಪಲಿ ಡಬ್ಬಗಳ ಸಂದಿಯಲ್ಲಿ ಅವಳನ್ನು ಕಳ್ಳಮಾಲಿನಂತೆ ಬಚ್ಚಿಟ್ಟೆ. ನಿಲಯ ತೆರೆದ ದಿನ, ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ನಿಂತವಳನ್ನು ವಾರ್ಡನ್ ಮೇಡಂ ಅಭ್ಯಾಸಬಲದಿಂದ ಕೇಳಿದರಂತೆ, “ರಜೆ ಚೆನ್ನಾಗಿತ್ತೇನಮ್ಮ?”

ಈ ವರ್ಷದ ಪ್ರಕಟಣೆ ಕಂಡ ಮೇಲೆ ಭಾನುವಾರ ಅವಳನ್ನು ನೋಡಲು ಹೋಗಿದ್ದೆ. ಎಡಗೈಯಲ್ಲಿ ತುತ್ತು ಕಲಸುತ್ತಾ ಕೂತಿದ್ದಳು. ಬಲಗೈಗೆ ಮತ್ತೇನಾಯಿತೇ ಎಂದು ನಾನು ಗಾಬರಿಯಾದೆ. “ಏನೂ ಆಗಿಲ್ಲ ಅಕ್ಕ. ಶನಿವಾರ ಹೋಗ್ಬೇಕಲ್ಲ, ಮೊದಲೇ ಅಭ್ಯಾಸ ಮಾಡ್ಕೊಂಡ್ರೆ ಆಮೇಲೆ ಕಷ್ಟ ಆಗಲ್ಲ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ರಜೆಯಲ್ಲಿ ನಿಲಯವನ್ನು ತೆರೆದಿಡಿ, ಗಂಡಂದಿರಿಗೆ ಪತ್ರ ಬರೆಯುವುದನ್ನು ನಿಲ್ಲಿಸಿ. ಮನುಷ್ಯರನ್ನು ಕಾಯಲು ನಿಯಮದಲ್ಲಿ ಅವಕಾಶವಿಲ್ಲವೆಂದಾದರೆ ನನ್ನ ತಂಗಿಯನ್ನು ಒಂದು ಮಂಚವೆಂದು ಪರಿಗಣಿಸಿ. ತಮ್ಮ ಮಂಚಗಳನ್ನು ರಜೆಗೆಂದು ಯಾರ ಮನೆಗೂ ಕಳಿಸುವುದಿಲ್ಲ. ಅವುಗಳ ಕಾಲು ಮುರಿದರೆ ವಿಚಾರಣೆ ನಡೆಯುತ್ತದೆ. ಅಷ್ಟು ಮರ್ಯಾದೆ ಅವಳಿಗೂ ಸಿಕ್ಕರೆ ಸಾಕು.

ಇನ್ನೊಂದು ಮಾತು. ಶನಿವಾರ ಬೆಳಿಗ್ಗೆ ನಿಲಯದ ಹೆಂಗಸರೆಲ್ಲ ತಂತಮ್ಮ ಮಂಚದ ಮೇಲೆ ಕೂರುತ್ತಾರೆ, ಏಳುವುದಿಲ್ಲ. ನಾನೂ ಅಂಗಡಿಗೆ ರಜೆ ಹಾಕಿ ತಂಗಿಯ ಪಕ್ಕದಲ್ಲಿ ಕೂರುತ್ತೇನೆ. ಕಳಿಸಲೇಬೇಕೆಂದಿದ್ದರೆ ಮಂಚಸಮೇತ ಎತ್ತಿ ಹೊರಗಿಡಿ. ಸ್ವಲ್ಪ ಜೋಪಾನವಾಗಿ ಎತ್ತಿ, ಮಂಚಕ್ಕೇನಾದರೂ ಪೆಟ್ಟಾದರೆ ಮೇಲಿನವರಿಗೆ ತಾವು ಉತ್ತರ ಹೇಳಬೇಕಾಗುತ್ತದೆ.

ಇಂತಿ,
ರಜೆ ಬೇಡವೆಂದು ಸರ್ಕಾರವನ್ನು ಬೇಡಿಕೊಳ್ಳುವ ಗತಿ ಬಂದ
ಒಬ್ಬಳು ಅಕ್ಕ