ತಾರಸಿಯ ಮೆಟ್ಟಿಲು

ಪೀತಮ್‌ಪುರ, ದೆಹಲಿ
೧೨ ಜೂನ್ ೨೦೦೬, ಸೋಮವಾರ

ಪ್ರೀತಿಯ ಮಗಳು ಇಂದೂಗೆ,

ನಿನ್ನ ತಲೆನೋವು ಹೇಗಿದೆ? ಅಳಿಯಂದಿರ ಶುಗರು ಇಳಿಯಿತಾ? ಮೈಸೂರಲ್ಲಿ ಮಳೆ ಶುರುವಾಗಿರಬೇಕು. ಇಲ್ಲಿ ಕರೆಂಟು ಇದ್ದಾಗ ಬಿಲ್ಲು, ಹೋದಾಗ ಬೆವರು. ನನ್ನ ಮೊಣಕಾಲು ಈಗ ಮುಕ್ಕಾಲು. ಉಳಿದ ಕಾಲು ಭಾಗ ಡಾಕ್ಟರ ಕೈಲಿದೆ. ಫೋನು ಮಾಡಬಹುದಿತ್ತು. ಆದರೆ ಫೋನು ಹಿಡಿದರೆ ನನ್ನ ಬಾಯಿ ತಮಾಷೆಗೆ ಹಾರಿಬಿಡುತ್ತೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತೆ. ಅದಕ್ಕೇ ಕಾಗದ.

ಅನನ್ಯಾ ಮೊನ್ನೆ ಫೋನಿನಲ್ಲಿ ಅತ್ತಳು. ದೆಹಲಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಹಾಸ್ಟೆಲೂ ಸಿಕ್ಕಿದೆ, ಇಪ್ಪತ್ತನೇ ತಾರೀಕು ಕೊನೇ ದಿನ, ಅಮ್ಮ ಮಾತ್ರ ಫಾರಮ್ಮಿಗೆ ಸಹಿ ಹಾಕ್ತಿಲ್ಲ ತಾತ, ಅಂದಳು. ನಿನ್ನನ್ನು ಕೇಳಿದರೆ, "ಅವಳು ನನ್ನ ಮಗಳಪ್ಪಾ. ಹೆದರಿಕೆ ನಮ್ಮ ರಕ್ತದಲ್ಲೇ ಇದೆ. ಒಬ್ಬಳೇ ಕೂತು ನಡುಗೋದಕ್ಕೆ ಅಷ್ಟು ದೂರ ಯಾಕೆ ಕಳಿಸಲಿ?" ಅಂದೆ. ಆ ಮಾತು ನಿನ್ನದಲ್ಲ ಕಣಮ್ಮ, ನನ್ನದು. ಗಂಡು ಹುಟ್ಟುವಾಗ ಗುಂಡಿಗೆ ತರುತ್ತೆ, ಹೆಣ್ಣು ಪುಕ್ಕಲು ತರುತ್ತೆ ಅಂತ ಮನೆತುಂಬಾ ಹೇಳಿಕೊಂಡು ಓಡಾಡಿದವನು ನಾನು.

ಈಗ ನನ್ನ ಹೊಸ ಕಿಡಿಗೇಡಿತನ ಕೇಳು. ನಿನ್ನ ತಮ್ಮ ಯಶವಂತನ ಅವಳಿಗಳಿಗೆ ಒಂದೂವರೆ ವರ್ಷ ತುಂಬಿತು. ಮನೋಜ್, ಅಪೂರ್ವಾ: ಒಂದೇ ಬಸಿರು, ಒಂದೇ ಹಾಲು, ಏಳು ನಿಮಿಷದ ಅಂತರ. ಹೋದ ವಾರ ಸೊಸೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವಳ ಫ್ರಾಕು ಅವನಿಗೆ, ಅವನ ಚಡ್ಡಿ ಅವಳಿಗೆ ಹಾಕಿ ಪಾರ್ಕಿಗೆ ಕರೆದುಕೊಂಡು ಹೋದೆ. ಬೆಂಚಿನ ಹೆಂಗಸರು ಫ್ರಾಕಿನ ಮನೋಜನ ಗಲ್ಲ ಹಿಡಿದು "ಕಿತನೀ ಶರ್ಮೀಲಿ" ಅಂದರು, ಎಷ್ಟು ನಾಚಿಕೆ ಈ ಹುಡುಗಿಗೆ ಅಂತ. ಚಡ್ಡಿಯ ಅಪೂರ್ವಾ ಚೀರಿದರೆ "ಶೇರ್ ಹೈ ಅಂಕಲ್‌ಜೀ, ಶೇರ್," ಸಿಂಹವಂತೆ. ಬಲೂನಿನ ಭಯ್ಯಾ ಕೂಡ ಫ್ರಾಕಿಗೆ ಗುಲಾಬಿ, ಚಡ್ಡಿಗೆ ನೀಲಿ ಕೊಟ್ಟ. ನಾನು ಒಳಗೊಳಗೇ ನಗುತ್ತಿದ್ದೆ. ಅಷ್ಟರಲ್ಲಿ ಎರಡೂ ಒಟ್ಟಿಗೆ ಎಡವಿ ಬಿದ್ದವು. ನಾನು ಮುಕ್ಕಾಲು ಕಾಲಲ್ಲೇ ಓಡಿ ಫ್ರಾಕನ್ನು ಎತ್ತಿಕೊಂಡೆ. ಚಡ್ಡಿಗೆ "ಏಳೋ, ಏನೂ ಆಗಿಲ್ಲ" ಅಂದೆ. ಬಟ್ಟೆ ಬದಲಾಯಿಸಿದವನು ನಾನೇ. ಯಾರು ಯಾರು ಅಂತ ಆ ಪಾರ್ಕಿನಲ್ಲಿ ಗೊತ್ತಿದ್ದವನೂ ನಾನೊಬ್ಬನೇ. ಆದರೂ ನನ್ನ ಕೈ ಬಟ್ಟೆಯನ್ನೇ ನಂಬಿತು. ಅಪೂರ್ವಾ ಮಣ್ಣಲ್ಲಿ ಕೂತು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಆಮೇಲೆ ತಾನೇ ಎದ್ದಳು.

ಮೈಯಿಂದ ಬರೋದು ಏನೂ ಇಲ್ಲ ಅನ್ನೋಷ್ಟು ಪಂಡಿತ ನಾನಲ್ಲ. ಅವಳಿಗೆ ಮಾತು ಬೇಗ ಬಂತು, ಅವನದು ಬರೀ ಒದೆತ; ಹುಟ್ಟಿನಿಂದಲೇ ಇರಬಹುದು. ಆದರೆ ಹುಟ್ಟು ಕೊಟ್ಟದ್ದೆಷ್ಟು, ನಾನು ಇಟ್ಟದ್ದೆಷ್ಟು ಅಂತ ಬಿಡಿಸಿ ನೋಡದೆ ಎಲ್ಲದಕ್ಕೂ ರಕ್ತದ ಹೆಸರು ಅಂಟಿಸಿದೆ. 

ಇಲ್ಲೇ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿದ್ದಾಗ ನೀನು ಒಂಬತ್ತು ವರ್ಷದವಳು. ದಿನಾ ಸಂಜೆ ತಾರಸಿ ಹತ್ತಿ ಹುಡುಗರ ಗಾಳಿಪಟ ಕತ್ತರಿಸುತ್ತಿದ್ದೆ; ಬೆರಳ ತುಂಬಾ ಗಾಜಿನ ಪುಡಿ ಹಚ್ಚಿದ ಮಾಂಜಾ ದಾರದ ಗಾಯ. ಒಂದು ಸಂಜೆ, ಕರೆಂಟು ಹೋಗಿದ್ದಾಗ, ಮೆಟ್ಟಿಲ ತಿರುವಿನಲ್ಲಿ ಏನೋ ಬೆಳ್ಳಗೆ ನಿಂತಿತ್ತು ಅಂತ ಬಿದ್ದೆದ್ದು ಬಂದೆ. ಮೂರು ದಿನ ಜ್ವರ. ಮತ್ತೆ ತಾರಸಿ ಹತ್ತಲಿಲ್ಲ. ಹದಿನೇಳಕ್ಕೆ ರೂರ್ಕಿಯಲ್ಲಿ ಇಂಜಿನಿಯರಿಂಗ್ ಸೀಟು ಬಂತು. ಹಾಸ್ಟೆಲಿನಲ್ಲೂ ಕತ್ತಲೆ ಮೆಟ್ಟಿಲಿರುತ್ತೆ, ಬೇಡಪ್ಪಾ, ಅಂದೆ ನೀನು. ಬಂದವರಿಗೆಲ್ಲ ನಾನು "ಹೆಣ್ಣು ಜೀವ, ಸ್ವಭಾವ" ಅಂದೆ. ನಿಮ್ಮಮ್ಮ ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಕೊನೇ ವಾರ ಆಸ್ಪತ್ರೆಯಲ್ಲೂ "ಆ ಹುಡುಗಿಗೆ ಹೇಳಿಬಿಡಿ" ಅಂದಳು. ಏನೋ ಜೋಕು ಹೊಡೆದು ತೇಲಿಸಿಬಿಟ್ಟೆ. ಅವಳು ನಗಲಿಲ್ಲ.

ಅನನ್ಯಾಳ ಫಾರಮ್ಮಿಗೆ ಸಹಿ ಹಾಕು. ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ಮೊಮ್ಮಗಳ ನೆತ್ತಿಯ ಮೇಲೆ ನನ್ನ ಕೈ ಇದೆ ಅಂದುಕೋ. ನಿನಗೆ ಆಶೀರ್ವಾದ ಮಾಡಲು ಈ ಸಲ ಕೈ ಎತ್ತೋಕೆ ನಾಚಿಕೆ.

ನಿನ್ನ ಅಪ್ಪ,
ಉತ್ತರಕ್ಕೆ ಬಂದು ಐವತ್ತು ವರ್ಷವಾದರೂ ಉತ್ತರ ಸಿಗದ
ದಕ್ಷಿಣಾಮೂರ್ತಿ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆದುಬಿಡುತ್ತೇನೆ. ಆ ಸಂಜೆ ಮೆಟ್ಟಿಲಲ್ಲಿ ಬೆಳ್ಳಗೆ ನಿಂತಿದ್ದವನು ನಾನು. ತಮಾಷೆಗೆ. ನಿನ್ನ ಹಿಂದೆಯೇ ಯಶವಂತನೂ ಇದ್ದ. ನಿನಗಿಂತ ಜೋರಾಗಿ ಅತ್ತ, ಚಡ್ಡಿ ಒದ್ದೆ ಮಾಡಿಕೊಂಡ. ಅವನನ್ನು ಅವತ್ತೇ ಕೋಣೆಗೆ ಕರೆದು, "ನೋಡೋ, ಗಂಡು ಹುಡುಗ ಇದಕ್ಕೆಲ್ಲ ಹೆದರಬಾರದು" ಅಂತ ಮೈಮೇಲೆ ಹೊದ್ದಿದ್ದನ್ನು ತೆಗೆದು ತೋರಿಸಿದೆ, ಅವನ ತಲೆಗೂ ಹೊದಿಸಿದೆ. ನಕ್ಕುಬಿಟ್ಟ. ನಿನಗೆ ತೋರಿಸಲಿಲ್ಲ. ನೀನು ಸಂಜೆ ಮನೆಯಲ್ಲೇ ಉಳಿದದ್ದು ನನಗೆ ಒಳ್ಳೇದೇ ಅನ್ನಿಸಿತ್ತು. ಅದು ನಮ್ಮ ಮಂಚದ ಮೇಲಿನ ನೀಲಿ ಅಂಚಿನ ಚಾದರ, ಇಂದೂ.