ಮೊದಲಿನ ಜಾಗಕ್ಕೇ ಬಂದ ಲೋಟಗಳು

ಮಂಗಳವಾರ, ರಾತ್ರಿ

ಈ ಲೋಟಗಳ ಕಥೆ ಶುರುವಾದದ್ದು ಮಗಳಿಂದ, ನಿನ್ನೆ ರಾತ್ರಿ ಊಟದ ಹೊತ್ತಿಗೆ. ಅವಳು ಕೆಲಸಕ್ಕೆ ಅರ್ಜಿ ಹಾಕಿದ್ದ ಕಂಪನಿಯವರು ಪರೀಕ್ಷೆಗೆಂದು ಒಂದು ಲೆಕ್ಕ ಕೊಟ್ಟಿದ್ದರು. ಆರು ವಸ್ತುಗಳ ಸಾಲನ್ನು ಅರ್ಧ ಮಾಡಿ, ಮೊದಲ ಅರ್ಧದಿಂದ ಒಂದು, ಎರಡನೇ ಅರ್ಧದಿಂದ ಒಂದು ಎಂದು ಸರದಿಯಂತೆ ತೆಗೆದು ಮತ್ತೆ ಒಂದೇ ಸಾಲಾಗಿ ಇಡಬೇಕು. ಹೀಗೆ ಲಕ್ಷ ಕೋಟಿ ಸಲ ಮಾಡಿದರೆ ಕೊನೆಗೆ ಉಳಿಯುವ ಸಾಲು ಯಾವುದು? ಬೆಳಗಾಗುವುದರೊಳಗೆ ಉತ್ತರ ಕಳಿಸದಿದ್ದರೆ ಕೆಲಸ ಕೈತಪ್ಪುತ್ತದೆ. ಅಷ್ಟೂ ಸಲ ಮಾಡಿ ನೋಡಲು ಅವಳು ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಂ ಮುಗಿಯುವಂತೆಯೇ ಇರಲಿಲ್ಲ.

"ಲೋಟ ಇಟ್ಟು ನೋಡೋಣ ಬಾರೇ," ಎಂದೆ.

"ಆಮೇಲೆ ತೊಳೆಯೋದೂ ನೀವೇ," ಎಂದಳು ಹೆಂಡತಿ.

ನಾಲ್ಕನೇ ಸಲಕ್ಕೆ ಎಲ್ಲ ಲೋಟಗಳೂ ಮೊದಲಿನ ಜಾಗದಲ್ಲೇ ನಿಂತವು. ಮಗಳು ಹಣೆ ಚಚ್ಚಿಕೊಂಡಳು. "ಅಪ್ಪಾ, ಲಕ್ಷ ಕೋಟಿ ನಾಲ್ಕರಿಂದ ಸರಿಯಾಗಿ ಭಾಗ ಆಗುತ್ತಲ್ಲ. ಕೊನೆಗೂ ಇದೇ ಸಾಲು." ಕಳಿಸಿಯೇಬಿಟ್ಟಳು.

ಆರಕ್ಕೆ ನಾಲ್ಕೇ ಏಕೆ? ಇನ್ನೂ ಹೆಚ್ಚಿಟ್ಟರೆ?

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿ ಹರಿಯುತ್ತಿತ್ತು. ಹೆಂಡತಿ ಎಂಟು ಲೋಟ ಸಾಲಿಟ್ಟುಕೊಂಡು ನಿಂತಿದ್ದಳು. "ಹಾಲು ಉಕ್ತಿದೆ ಕಣೇ!" ಎಂದೆ. "ಸ್ವಲ್ಪ ಸುಮ್ನಿರಿ. ಎಂಟಿಟ್ಟರೆ ಮೂರೇ ಸಲಕ್ಕೆ ವಾಪಸ್ ಬಂತು, ನೋಡಿ."